ಮಳೆಗಾಲದಲ್ಲಿ ನಾಯಿಮರಿ ತಂದರೆ ಹೇಗೆ ಬೆಳೆಸಬೇಕು

ನಮ್ಮದು ತೀರ್ಥಹಳ್ಳಿ ಹತ್ತಿರದ ಒಂಟಿಮನೆ. ಸುತ್ತ ಅಡಿಕೆ ತೋಟ. ನಮ್ಮ ನಾಯಿ ಕಾಳನನ್ನು ಮರಿಯಾಗಿದ್ದಾಗ ತಂದಿದ್ದು ಆಷಾಢದಲ್ಲಿ, ಜಡಿಮಳೆ ಹಿಡಿದಿದ್ದಾಗ. ಮೂರು ತಿಂಗಳು ಅವನು ಕಂಡಿದ್ದು ನನ್ನನ್ನು, ನಮ್ಮನೆಯವರನ್ನು, ಅತ್ತೆಯನ್ನು, ಕೊಟ್ಟಿಗೆಯ ಎರಡು ದನಗಳನ್ನು ಮಾತ್ರ. ಕಾರ್ತೀಕದಲ್ಲಿ ಅಡಿಕೆ ಕೊನೆ ತೆಗೆಯುವವರು ದೋಟಿ, ಅಂದರೆ ಕೊಯ್ಲಿನ ಉದ್ದ ಕೋಲು, ಹೊತ್ತು ಅಂಗಳಕ್ಕೆ ಬಂದಾಗ ಬಾಲ ಹೊಟ್ಟೆಯಡಿಗೆ ಸೇರಿಸಿಕೊಂಡು ಹಿಂದೆ ಹಿಂದೆ ಸರಿದ. ಬೆನ್ನಿಗೆ ಗೋಡೆ ತಾಗಿತು. ಹಾರಿ ಒಬ್ಬರ ಮೊಣಕಾಲಿಗೆ ಕಚ್ಚಿಬಿಟ್ಟ. ಎಲ್ಲರೂ ‘ಜೋರು ನಾಯಿ’ ಅಂದರು. ಅದು ಜೋರಲ್ಲ, ಹೆದರಿಕೆ. ಆ ಹೆದರಿಕೆ ಕಲಿಸಿದ್ದು ನಮ್ಮ ಮನೆ.

ಮರಿಗಳು ಹುಟ್ಟಿದ 3ನೇ ವಾರದಿಂದ ಸುಮಾರು 14ನೇ ವಾರದೊಳಗೆ ನೋಡಿದ್ದು, ಕೇಳಿದ್ದು, ಮೂಸಿದ್ದನ್ನು ಸುಲಭವಾಗಿ ತಮ್ಮದು ಅಂದುಕೊಳ್ಳುತ್ತವೆ. ಆಮೇಲೆ ಸಿಕ್ಕಿದ್ದಕ್ಕೆಲ್ಲ ಅನುಮಾನ. ಕಾಳನ ಆ ವಾರಗಳು ಮಳೆಯಲ್ಲೇ ಕಳೆದುಹೋದವು. ಮುಂದೆ ಇನ್ನೊಂದು ಮರಿ ಗೌರಿಯನ್ನು ಅಡಿಕೆ ಸುಲಿಯುವ ಕಾಲಕ್ಕೇ ತಂದೆವು. ಮೆಟ್ಟುಗತ್ತಿಯ ಸದ್ದು, ಹೆಂಗಸರ ಮಾತಿನ ನಡುವೆ ಗೋಣಿತಾಟಿನ ಮೇಲೆ ಮಲಗಿ ಬೆಳೆದಳು. ಯಾರು ಬಂದರೂ ಎರಡು ಸಲ ಬೊಗಳಿ ಬಾಲ ಆಡಿಸುತ್ತಾಳೆ.

ಹಾಗಾಗಿ ಮನೆಯಲ್ಲಿ ಜನ ಓಡಾಡುವ ತಿಂಗಳಲ್ಲೇ ಮರಿ ತನ್ನಿ, ಅದೂ ಎಂಟು ವಾರ ತಾಯಿಯ ಹತ್ತಿರ ಬಿಟ್ಟು. ಮಳೆಗಾಲದಲ್ಲೇ ತರಬೇಕಾಗಿ ಬಂದರೆ ನೀವೇ ಲೋಕವನ್ನು ಅದರ ಹತ್ತಿರ ತರಬೇಕು. ಡೈರಿಗೆ ಹೋಗುವಾಗ ಚೀಲದಲ್ಲಿ ಕೂರಿಸಿಕೊಂಡು ಹೋಗಿ. ಲಸಿಕೆಗಳು ಮುಗಿಯುವ ತನಕ ಬೇರೆ ನಾಯಿಗಳು ಓಡಾಡುವ ಕಡೆ ಇಳಿಸಬೇಡಿ. ರೇನ್‌ಕೋಟು, ಹೆಲ್ಮೆಟ್ಟು ಹಾಕಿಕೊಂಡು ದೂರದಲ್ಲಿ ನಿಂತು ಬೇಯಿಸಿದ ಮೊಟ್ಟೆಯ ಚೂರು ಎಸೆಯಿರಿ. ಕೊಡೆಯನ್ನು ಮೂತಿಯ ಮುಂದೆ ಫಟ್ಟನೆ ಬಿಚ್ಚಬೇಡಿ. ದೋಟಿಯನ್ನು ಜಗಲಿಯಲ್ಲೇ ಮಲಗಿಸಿಡಿ, ಮೂಸಲಿ. ಹಿಂದೆ ಸರಿದರೆ ಎಳೆದು ತರಬೇಡಿ, ನೀವೇ ನಾಲ್ಕು ಹೆಜ್ಜೆ ದೂರ ಹೋಗಿ.

ಮನೆಯವರೆಲ್ಲ ಒಂದೇ ಮಾತಿಗೆ ಬರಬೇಕು. ನಮ್ಮಲ್ಲಿ ಅತ್ತೆ ಜಗಲಿ ಮೇಲೆ ಕರೆದು ದೋಸೆ ಕೊಡುತ್ತಿದ್ದರು, ಜಗಲಿ ಹತ್ತಿದ ಅಂತ ನಮ್ಮನೆಯವರು ಪೇಪರ್ ಸುರುಳಿಯಲ್ಲಿ ಹೊಡೆಯುತ್ತಿದ್ದರು. ನಾಯಿ ಯಾರನ್ನು ನಂಬಬೇಕು? ರಾತ್ರಿ ಚಿರತೆ ಬರುವ ಊರಲ್ಲಿ ಕೊಟ್ಟಿಗೆಯೊಳಗೆ ಹಾಕಿ ಬಾಗಿಲು ಮುಚ್ಚಿ, ಆದರೆ ಹಗಲಿಡೀ ಸರಪಳಿಯಲ್ಲಿ ಕಟ್ಟಬೇಡಿ.

‘ಜಾತಿ ನಾಯಿ ತಂದರೆ ಆಯ್ತು’ ಅನ್ನುವವರಿದ್ದಾರೆ. ಅಮೆರಿಕದ ವಿಜ್ಞಾನಿಗಳು 18,000ಕ್ಕೂ ಹೆಚ್ಚು ನಾಯಿಗಳ ಮಾಹಿತಿ ಸೇರಿಸಿ 2022ರಲ್ಲಿ ಹೇಳಿದ್ದು: ಒಂದೊಂದು ನಾಯಿಯ ನಡತೆಯಲ್ಲಿ ಕಾಣುವ ವ್ಯತ್ಯಾಸದಲ್ಲಿ ತಳಿಯ ಪಾಲು ಸುಮಾರು 9% ಮಾತ್ರ. 2019ರಲ್ಲಿ ಸ್ವೀಡನ್ನಿನವರು 58 ನಾಯಿಗಳ ಮತ್ತು ಅವುಗಳ ಒಡತಿಯರ ಕೂದಲಿನಲ್ಲಿ ಒತ್ತಡದ ಹಾರ್ಮೋನು ಕಾರ್ಟಿಸಾಲ್ ಅಳೆದರು. ಒಡತಿಯಲ್ಲಿ ಹೆಚ್ಚಿದ್ದಲ್ಲಿ ನಾಯಿಯಲ್ಲೂ ಹೆಚ್ಚಿತ್ತು. ಅದನ್ನು ಓದಿದಾಗ ನನಗೆ ನೆನಪಾಗಿದ್ದು ಆ ಮಳೆಗಾಲ. ಒಂದೊಂದು ಸದ್ದಿಗೂ ಬೆಚ್ಚಿ ಬಾಗಿಲು ಹಾಕಿಕೊಳ್ಳುತ್ತಿದ್ದವಳು ನಾನೇ, ಕಾಳ ನನ್ನ ಸೆರಗಿನಲ್ಲೇ ಇರುತ್ತಿದ್ದ.

ಕಚ್ಚಿದರೆ ಗಾಯವನ್ನು ಸೋಪು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ. ನಾಯಿಗೆ ಹೊಡೆಯಬೇಡಿ. ಕಾಳನನ್ನು ತಿದ್ದಿದ್ದು ಕಚ್ಚಿಸಿಕೊಂಡವರೇ. ಕೊಯ್ಲಿಗೆ ಬಂದಾಗಲೆಲ್ಲ ದಣಪೆಯ (ಬೇಲಿಬಾಗಿಲಿನ) ಹತ್ತಿರ ಕೂತು, ಅವನ ಕಡೆ ನೋಡದೆ ಒಣಮೀನಿನ ಚೂರು ಎಸೆಯುತ್ತಿದ್ದರು. ಮೂರನೇ ವರ್ಷದ ಕೊಯ್ಲಿಗೆ ಕಾಳ ಅವರ ಅಂಗೈಯಿಂದ ತಿಂದ.