ಕಾರು ಮನೆಗೆ ಬಂತು, ನೀವು ಬಂದ್ರಾ?

ನಾನು, ನನ್ನ ಹೆಂಡತಿ ಬೆಂಗಳೂರಿಂದ ಲಡಾಖ್‌ನ ಲೇಹ್‌ಗೆ ಕಾರಲ್ಲಿ ಹೋಗಿ 26ನೇ ದಿನ ವಾಪಸ್ ಬಂದೆವು. ಅಲ್ಲಿ ಸುತ್ತಾಡಿದ್ದೂ ಸೇರಿ ಏಳು ಸಾವಿರ ಕಿಲೋಮೀಟರ್ ದಾಟಿತ್ತು. ಹೊರಡುವಾಗ ಏನೇನು ತಗೊಂಡು ಹೋಗಬೇಕು ಅಂತ ಹೇಳೋಕೆ ಬೇಕಾದಷ್ಟು ಜನ ಸಿಕ್ಕರು, ಬಂದ ಮೇಲೆ ಏನು ಮಾಡಬೇಕು ಅಂತ ಒಬ್ಬರೂ ಹೇಳಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಭಾನುವಾರ ರಾತ್ರಿ ಮನೆ ಸೇರುವ ಪ್ಲಾನ್ ಮಾತ್ರ ಮಾಡಬೇಡಿ. ಎರಡು ದಿನ ರಜೆ ಉಳಿಸಿಕೊಳ್ಳಿ, ಅಲ್ಲಿನ ಪಾಂಗಾಂಗ್ ಸರೋವರದ ಹತ್ತಿರ ಒಂದು ರಾತ್ರಿ ಕಮ್ಮಿಯಾದರೂ ಪರವಾಗಿಲ್ಲ. ನಾನು ಉಳಿಸಿಕೊಳ್ಳಲಿಲ್ಲ. ಸೋಮವಾರ ಆಫೀಸಲ್ಲಿ ಕೂತರೆ ಕುರ್ಚಿಯೇ ಓಡುತ್ತಿದ್ದ ಹಾಗಿತ್ತು.

ಬೀಗ ತೆಗೆದಾಗ ಮನೆಯೆಲ್ಲ ಗಬ್ಬು ವಾಸನೆ. ಇಲಿ ಸತ್ತಿರಬೇಕು ಅಂತ ಆ ಹೊತ್ತಲ್ಲಿ ಸೋಫಾ, ಮಂಚ ಎಲ್ಲ ಎಳೆದು ನೋಡಿದೆವು. ಇಲಿ ಇರಲಿಲ್ಲ. ಬಚ್ಚಲಿನ ಜಾಲಿ ಕೆಳಗೆ ಯಾವಾಗಲೂ ಸ್ವಲ್ಪ ನೀರು ನಿಂತಿರುತ್ತದೆ, ಚರಂಡಿ ವಾಸನೆ ಮೇಲೆ ಬರದಂತೆ ತಡೆಯುವುದು ಅದೇ, ವಾರಗಟ್ಟಲೆ ಯಾರೂ ಸ್ನಾನ ಮಾಡದಿದ್ದರೆ ಅದು ಒಣಗಿ ವಾಸನೆ, ಜಿರಳೆ ಎರಡೂ ಹತ್ತಿ ಬರುತ್ತವೆ. ಪ್ರತಿ ಜಾಲಿಗೂ ಎರಡೆರಡು ಚೊಂಬು ನೀರು ಹಾಕಿ. ಕಿಟಕಿ ತೆಗೆಯಿರಿ. ಸ್ಟವ್ ಹಚ್ಚುವುದು ಆಮೇಲೆ.

ದಿನಗಟ್ಟಲೆ ಪರಾಠಾ, ಮ್ಯಾಗಿ ತಿಂದ ಹೊಟ್ಟೆಗೆ ತಿಳಿಸಾರು, ಅನ್ನ, ಮಜ್ಜಿಗೆ ಸಾಕು. ಆದರೆ ಮೊಸರಿಗೆ ಹೆಪ್ಪೇ ಇರುವುದಿಲ್ಲ, ಅಲ್ವಾ? ಅಂಗಡಿ ಪ್ಯಾಕೆಟ್ ತರಬೇಡಿ, ಪಕ್ಕದ ಮನೆಗೆ ಹೋಗಿ ಕೇಳಿ. ನಮ್ಮ ಪಕ್ಕದ ಮನೆ ಅಜ್ಜಿ "ಹೆಪ್ಪು ಕೇಳೋಕಾದ್ರೂ ಬಂದ್ರಲ್ಲ, ಕೂತ್ಕೊಳ್ಳಿ" ಅಂತ ಕೂರಿಸಿ, ನಾವಿಲ್ಲದಾಗ ಬಂದ ಕೊರಿಯರ್‌ಗಳಿಂದ ಹಿಡಿದು ಬೀದಿಯ ಸುದ್ದಿಯನ್ನೆಲ್ಲ ಒಪ್ಪಿಸಿದರು. ಲಡಾಖ್ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಮೊದಮೊದಲು ಬೇಜಾರಾಯಿತು, ಆಮೇಲೆ ಅದೇ ಹಿತ ಅನಿಸಿತು.

ಕಾಲು ಊದಿರಬಹುದು. ದಿನಕ್ಕೆ ಹತ್ತು ಗಂಟೆ ಕೂತಿದ್ದೀರಿ, ಓಡಾಡಿದರೆ ಇಳಿಯುತ್ತದೆ. ಒಂದೇ ಕಾಲು ಊದಿ ಮೀನಖಂಡ ನೋಯುತ್ತಿದ್ದರೆ ಮಾತ್ರ ಎಣ್ಣೆ ಹಚ್ಚಿ ತಿಕ್ಕುತ್ತಾ ಕೂರಬೇಡಿ, ರಕ್ತ ಹೆಪ್ಪುಗಟ್ಟಿರುವ ಸಾಧ್ಯತೆ ಇರುತ್ತದೆ, ಅವತ್ತೇ ಡಾಕ್ಟರ್ ಹತ್ತಿರ ಹೋಗಿ.

ಕಾರಿಗೆ ಅಡಿಭಾಗದ ವಾಶ್, ಏರ್ ಫಿಲ್ಟರ್, ಬ್ರೇಕ್ ಪ್ಯಾಡ್, ವೀಲ್ ಅಲೈನ್‌ಮೆಂಟ್ ಅದೇ ವಾರ ನೋಡಿಸಿ. ಫಾಸ್ಟ್ಯಾಗ್ ಲೆಕ್ಕವನ್ನೂ ಒಮ್ಮೆ ನೋಡಿ. ನಮಗೆ ಒಂದು ಕಡೆ ಎರಡು ಸಲ ಕಟ್ ಆಗಿತ್ತು, ಟ್ಯಾಗ್ ಕೊಟ್ಟ ಬ್ಯಾಂಕಿಗೆ ದೂರು ಕೊಟ್ಟ ಮೇಲೆ ದುಡ್ಡು ವಾಪಸ್ ಬಂತು. ಉಣ್ಣೆ ಬಟ್ಟೆಗಳನ್ನು ಬಿಸಿಲಿಗೆ ಹಾಕದೆ ಬೀರುವಿಗೆ ತುರುಕಬೇಡಿ.

ಇವೆಲ್ಲ ಸುಲಭದ ಕೆಲಸ. ಕಷ್ಟ ಆಗುವುದು ಆಮೇಲೆ. ದಾರಿಯಲ್ಲಿ ದಿನಕ್ಕೆ ಒಂದೇ ಪ್ರಶ್ನೆ: ಇವತ್ತು ರಾತ್ರಿ ಎಲ್ಲಿ? ಝಾನ್ಸಿಯೋ ನಾಗಪುರವೋ ಗೊತ್ತಾದರೆ ಅವತ್ತಿನ ಚಿಂತೆ ಮುಗಿಯಿತು. ಮನೆಗೆ ಬಂದರೆ ಕರೆಂಟ್ ಬಿಲ್, ಇಎಂಐ, ಕೆಲಸದವರ ಸಂಬಳ, ಸಂಬಂಧಿಕರ ಗೃಹಪ್ರವೇಶ ಎಲ್ಲವೂ ಒಟ್ಟಿಗೇ ಮೇಲೆ ಬೀಳುತ್ತವೆ. ಸುಮ್ನೆ ಸಿಡುಕು ಬರುತ್ತದೆ, ಅದೂ ಪಕ್ಕದ ಸೀಟಲ್ಲಿ 26 ದಿನ ಕೂತವರ ಮೇಲೇ! ನಾವು ಮಾಡಿದ್ದು ಇಷ್ಟೇ: ಒಂದು ವಾರ ದಿನಕ್ಕೊಂದೇ ಕೆಲಸ ಇಟ್ಟುಕೊಂಡೆವು, ಗುರುವಾರ ಬಟ್ಟೆ, ಶುಕ್ರವಾರ ಬಿಲ್ಲು, ಹೀಗೆ. ಸಂಜೆ ಅರ್ಧ ಗಂಟೆ ಇಬ್ಬರೂ ಫೋನ್ ಇಲ್ಲದೆ ನಡೆದುಬಂದೆವು, ಯಾಕೆಂದರೆ ಅಕ್ಕಪಕ್ಕ ಇದ್ದು ಮುಂದೆ ನೋಡುತ್ತಾ ಮಾತಾಡುವುದೇ ನಮಗೆ ಅಭ್ಯಾಸ ಆಗಿಬಿಟ್ಟಿತ್ತು.

ನಾಲ್ಕನೇ ದಿನವೂ ನನಗೆ ನಾಲ್ಕೂವರೆಗೇ ಎಚ್ಚರವಾಗಿ ಕತ್ತಲಲ್ಲೇ ಕಾರಿನ ಕೀ ತಡಕಾಡುತ್ತಿದ್ದೆ. ಹೆಂಡತಿ ಮುಸುಕಿನೊಳಗಿಂದಲೇ, "ಎದ್ದಿದ್ದೀರಲ್ಲ, ಹಾಲು ತನ್ನಿ. ನಡ್ಕೊಂಡೇ ಹೋಗಿ" ಅಂದಳು.