160 ಕೆಜಿ ಗಾಡಿ ಒಂದ ಕಾಲಲೆ ಎತ್ತೂ ಸ್ಟ್ಯಾಂಡ್, ಗುಜರಿ ಪೈಪಿಂದ ನಾನ ಮಾಡಿದ್ದು

ಕಡೀಕೂ ಆತ್ರಿ. ಮೂರ ಮಳಿಗಾಲ ಹಿಡೀತು, ಆದ್ರ ಆತು. ನನ್ನ ಹೀರೋ ಎಕ್ಸ್‌ಪಲ್ಸ್ 200 ಬೈಕ್ ಈಗ ಎರಡೂ ಗಾಲಿ ಗಾಳ್ಯಾಗ ಬಿಟ್ಕೊಂಡ ಶೆಡ್‌ನ್ಯಾಗ ನಿಂತೈತಿ, ಎತ್ತಿದಾಂವ ನಾ ಒಬ್ಬನ, ಅದೂ ಒಂದ ಕಾಲಲೆ ಪೆಡಲ್ ಒತ್ತಿ. "ತಮ್ಮಾ, ಇದ ಎತ್ತೂದಿಲ್ಲ, ನಿನ್ನ ಕಾಲ ಮುರೀತೈತಿ" ಅಂದಿದ್ದ ಬೆಳಗಾವಿ ಉದ್ಯಮಬಾಗದ ವೆಲ್ಡಿಂಗ್ ಕಾಕಾಗ ಮೊದಲ ವಿಡಿಯೋ ಕಳಿಸಿದೆ.

ಜಾಂಬೋಟಿ ಕಡೆ ಮಳ್ಯಾಗ ಹೋಗಿ ಬಂದಾವರಿಗೆ ಗೊತ್ತೈತಿ, ಆ ಕೆಂಪ ರಾಡಿ ಒಣಗೂದ್ರಾಗ ತಗೀಲಿಲ್ಲಂದ್ರ ಸಿಮೆಂಟ್ ಆದಂಗ ಕೂಡತೈತಿ, ಚೈನು, ಶಾಕ್ ಅಬ್ಸಾರ್ಬರಿನ ಬುಡ, ಸ್ವಿಂಗ್‌ಆರ್ಮ್ (ಹಿಂದಿನ ಗಾಲಿ ಹಿಡದಿರೂ ತೋಳ) ಬುಶ್ ಎಲ್ಲಾ ತಿಂತೈತಿ. ಸೆಂಟರ್ ಸ್ಟ್ಯಾಂಡ್ ಗಾಡಿಗಿ ಇಲ್ಲ. ಹಿಂದಿನ ಗಾಲಿ ಅಷ್ಟ ಎತ್ತೂ ಪ್ಯಾಡಾಕ್ ಸ್ಟ್ಯಾಂಡ್ ಸ್ವಿಂಗ್‌ಆರ್ಮ್ ಹಿಡದ ಎತ್ತತೈತಿ, ಚೈನಿಗೆ ಎಣ್ಣಿ ಬಿಡಾಕ ಸಾಕು, ಶಾಕ್ ಬಿಚ್ಚಬೇಕಂದ್ರ ಉಪಯೋಗಿಲ್ಲ, ಯಾಕಂದ್ರ ವಜ್ಜಾ ಶಾಕ್ ಮ್ಯಾಲನ ಇರತೈತಿ. ಹೊಟ್ಟಿ ಕೆಳಗಿಂದನ ಎತ್ತಬೇಕು.

ಗೆಳ್ಯಾ ಒಬ್ಬಾಂವ ಪುಣೆದಿಂದ ರೆಡಿಮೇಡ್ ಮೋಟೋಕ್ರಾಸ್ ಸ್ಟ್ಯಾಂಡ್ ತಂದಿದ್ದ, ಐದ ಸಾವಿರದ ಮ್ಯಾಲ ಕೊಟ್ಟಿದ್ದ. ನನ್ನ ಗಾಡಿ ಕೆಳಗ ಹೋಗಲೇ ಇಲ್ಲ. ರೇಸ್ ಗಾಡಿಗೋಳ ಹೊಟ್ಟಿ ನೆಲದಿಂದ 13 ಇಂಚಿನ ಆಸುಪಾಸು ಇರತೈತಿ, ನಮ್ಮದ 220 ಎಂಎಂ, ಅಂದ್ರ ಎಂಟೂವರಿ ಇಂಚ ಚಿಲ್ಲರ. ಇದನ್ನ ಅಳತಿ ಮಾಡದ ಆನ್‌ಲೈನ್ ಆರ್ಡರ್ ಹಾಕಬ್ಯಾಡ್ರಿ.

ರೊಕ್ಕ ಎಲ್ಲೆಲ್ಲಿ ಹೋತು ಅಂದ್ರ, ಮೊದಲ ಹಾಲಿನ ಕ್ರೇಟ್ ಇಟ್ಟೆ, ಎರಡ ದಿನಕ್ಕ ಸೀಳತು. ಆಮ್ಯಾಲ ಜಾಲಿ ಕಟಗಿ ದಿಮ್ಮಿ, ಗಟ್ಟಿ ಏನೋ ಐತಿ ಆದ್ರ ಗಾಡಿ ಎತ್ತಿ ಇಡಾಕ ಇಬ್ಬರ ಬೇಕು, ದಿನಾ ಯಾರನ್ನ ಕರೀಲಿ? ಮೂರನೇದ್ದ ಹಳೇ ಮಾರುತಿ ಜಾಕ್, ಗುಜರ್ಯಾಗ 300 ಕೊಟ್ಟ ತಂದಿದ್ದೆ. ಅದರ ತಲಿ ಮೂರ ಇಂಚ ಸೈತ ಅಗಲ ಇಲ್ಲ, ಹಿಂದಿನ ಗಾಲಿ ನಟ್ ಜಗ್ಗಿದ ಕೂಡ್ಲೇ ಗಾಡಿ ಬಲಕ್ಕ ವಾಲಿ ಬಿತ್ತು. ಬ್ರೇಕ್ ಲಿವರ್, ಹ್ಯಾಂಡ್‌ಗಾರ್ಡ್, ಇಂಡಿಕೇಟರ್, ಟ್ಯಾಂಕಿಗಿ ಒಂದ ತಗ್ಗ, ಎಲ್ಲಾ ಸೇರಿ 1800ರ ತನಕ ಹೋತು. ಆವತ್ತ ರಾತ್ರಿ ಊಟ ಸೇರಲಿಲ್ಲ ನನಗ.

ಹಳೇ ಸ್ಕೂಟರ್ ರಿಮ್‌ನ್ಯಾಗ ಕಾಂಕ್ರೀಟ್ ಹಾಕಿ ಬುಡ ಮಾಡೂದೂ ನೋಡೀನಿ. ಸರಿಸಾಕ ಆಗೂದಿಲ್ಲ, ಅಂಚ ಒಡೀತು. ಬಿಟ್ಟೆ.

ಈಗಿನದ್ದ ಹೆಂಗೈತಿ ಅಂದ್ರ, ಬುಡಕ್ಕ 40 ಎಂಎಂ ಸ್ಕ್ವೇರ್ ಪೈಪ್, 3 ಎಂಎಂ ದಪ್ಪದ್ದು, 18 ಬೈ 16 ಇಂಚ. ಮ್ಯಾಲ 6 ಎಂಎಂ ಪ್ಲೇಟ್. ಎರಡರ ನಡು ನಾಕ ಆರ್ಮ್, ಪಟ್ಟೀವು, ತೂತಿಂದ ತೂತಿಗೆ ಬರೋಬ್ಬರಿ ಆರ ಇಂಚ. ನಾಕೂ ಒಂದಕ್ಕೊಂದ ಸಮಾ ಇರಬೇಕು, ಒಂದ ನೂಲ ಹೆಚ್ಚುಕಮ್ಮಿ ಆದ್ರೂ ಜಾಮ್ ಆಗತೈತಿ, ಅದಕ್ಕ ನಾಕೂ ಪಟ್ಟಿ ಒಂದರ ಮ್ಯಾಲೊಂದ ಇಟ್ಟ ಒಮ್ಮೆಗೇ ತೂತ ಹೊಡಿಸ್ರಿ. ಒಂದ ಆರ್ಮಿಗೆ ಮೂರ ಫೂಟ ಪೈಪ್ ಬೆಸುಗಿ ಹಾಕಿ ಪೆಡಲ್. ಸ್ಟ್ಯಾಂಡಿನ ಎತ್ತರ ಕೆಳಗ ಮಲಗಿದಾಗ ಎಂಟ ಇಂಚ, ಎದ್ದಾಗ ಹನ್ನೆರಡೂವರಿ. ಅಷ್ಟ ಬೇಕಾಗತೈತಿ, ಯಾಕಂದ್ರ ಎತ್ತಿದಂಗ ಶಾಕ್ ಉದ್ದ ಆಗಿ ಗಾಲಿ ಕೆಳಗ ಇಳೀತಾವು, ಮೊದಲಿನ ಎರಡ-ಎರಡೂವರಿ ಇಂಚ ಅದ್ರಾಗ ಹೋಗತೈತಿ.

ಕಾಕಾ ಹಾಕಿದ್ದ ಲೆಕ್ಕ ಇಷ್ಟ: ಮೂರ ಫೂಟಿಗೆ ಆರ ಇಂಚ, ಆರ ಪಟ್ಟ, 160 ಭಾಗಸು ಆರ, 27 ಕೆಜಿ, ಮ್ಯಾಲ ತಿಕ್ಕಾಟ, ಕಾಲ ಜಾರತೈತಿ. ಲೆಕ್ಕ ತಪ್ಪಲ್ಲ, ಆದ್ರ ಅವರ ಒಂದ ಮರತಿದ್ರು. ಶುರುವಿಗೆ ವಜ್ಜಾ ಇನ್ನೂ ಟೈಯರ್ ಮ್ಯಾಲ ಇರತೈತಿ, ಪೂರಾ ವಜ್ಜಾ ಸ್ಟ್ಯಾಂಡಿಗೆ ಬರೂ ಹೊತ್ತಿಗೆ ಆರ್ಮ್ ನೆಟ್ಟಗ ಆಗಾಕ ಬಂದಿರತಾವು, ಅಲ್ಲಿ ಭಾಳ ಹಗುರ. ನಾ 62 ಕೆಜಿ ಅದೇನಿ, ನನ್ನ ತಂಗಿ ಸೈತ ಎತ್ತಿ ತೋರಿಸ್ಯಾಳ.

ಹಂಗಂತ ಒಮ್ಮೆಗೇ ಬರಲಿಲ್ಲ. ಮೊದಲ 10 ಎಂಎಂ ಸಾದಾ ಬೋಲ್ಟ್ ಹಾಕಿದ್ದೆ, ಮೂರನೇ ಸಲಕ್ಕ ಬಾಳಿಕಾಯಿ ಆದಂಗ ಬಾಗಿದ್ವು. ಈಗ 16 ಎಂಎಂ ಹೈ ಟೆನ್ಸೈಲ್, ಅಂದ್ರ ಗಟ್ಟಿ ಉಕ್ಕಿನ ಬೋಲ್ಟ್, 8.8 ಅಂತ ತಲಿ ಮ್ಯಾಲ ಬರದಿರತೈತಿ ನೋಡ್ರಿ, ಅದು. ಆಮ್ಯಾಲ ಲಾಕ್. ಆರ್ಮ್ ನೆಟ್ಟಗ ನಿಂತ್ರ ಸಾಲೂದಿಲ್ಲ, ನೆಟ್ಟಗ ದಾಟಿ ಸ್ವಲ್ಪ ಮುಂದ ಹೋಗಿ ಸ್ಟಾಪರಿಗೆ ಬಡೀಬೇಕು, ಆಗ ಗಾಡಿ ವಜ್ಜಾನ ಅದನ್ನ ಒತ್ತಿ ಹಿಡೀತೈತಿ. ನಂದ ಮೊದಲ ದಾಟತಿದ್ದಿಲ್ಲ, ಪೆಡಲ್ ವಾಪಸ್ ಜಿಗದ ಮೊಣಕಾಲ ಕೆಳಗ ಹೊಡೀತು, ಹದಿನೈದ ದಿನ ಕುಂಟೀನಿ. ಎಷ್ಟ ದಾಟಿಸೀನಿ, ಸ್ಟಾಪರ್ ಎಲ್ಲಿ ಕೂಡಿಸೀನಿ ಅನ್ನೂದ ಮಾತ್ರ ನಾ ಹೇಳೂದಿಲ್ಲ, ಎಂಟ ಸಲ ಕೊರದ ಬೆಸುಗಿ ಹಾಕಿ ಕಂಡಕೊಂಡದ್ದ ಅದು.

ಇನ್ನೊಂದ ತಿಂಗಳಗಟ್ಲೆ ಕಾಡಿದ್ದು: ಎತ್ತೂ ಹೊತ್ತಿನ್ಯಾಗ ಸ್ಟ್ಯಾಂಡ್ ಕೆಳಗಿಂದ ಜಾರತಿತ್ತು. ರಬ್ಬರ್ ಬದಲಿಸಿದೆ, ಬುಡ ಅಗಲ ಮಾಡಿದೆ, ಏನೂ ಆಗಲಿಲ್ಲ. ಕಡೀಕ ನೋಡಿದ್ರ ಗಾಡಿ ಗೇರ್‌ನ್ಯಾಗ ಇರತಿತ್ತು! ಈ ಆರ್ಮ್ ಸೀದಾ ಮ್ಯಾಲ ಎತ್ತೂದಿಲ್ಲ, ಕಮಾನಿನಂಗ ಎತ್ತತೈತಿ, ಗಾಡಿ ಐದಾರ ಇಂಚ ಹಿಂದ ಸರೀಬೇಕು. ನ್ಯೂಟ್ರಲ್ ಮಾಡ್ರಿ, ಬ್ರೇಕ್ ಬಿಡ್ರಿ, ಹ್ಯಾಂಡಲ್ ಒಂದ ಕೈಲೆ ನೆಟ್ಟಗ ಹಿಡೀರಿ, ಮುಗೀತು.

ಕಂಪನಿ ಬ್ಯಾಷ್ ಪ್ಲೇಟ್ (ಇಂಜಿನ್ ಹೊಟ್ಟಿ ಕಾಯೂ ತಗಡ) ಮ್ಯಾಲ ಈ ವಜ್ಜಾ ಹಾಕಬ್ಯಾಡ್ರಿ. ನಾ 4 ಎಂಎಂದ ಬ್ಯಾರೆ ಮಾಡಿಸಿ ಹಾಕೀನಿ. ಸ್ಟ್ಯಾಂಡ್ ತಲಿ ಮ್ಯಾಲ ಸಕ್ಕರಿ ಫ್ಯಾಕ್ಟರಿ ಹಳೇ ಕನ್ವೇಯರ್ ಬೆಲ್ಟಿನ ತುಂಡ, ಪುಕ್ಕಟೆ ಸಿಕ್ಕಿದ್ದು, ಇದರಷ್ಟ ಹಿಡಿತ ಯಾವ ರಬ್ಬರಿಗೂ ಇಲ್ಲ.

ನಡುವ ತಲಿಗೆ ಒಂದ ಹಳೇ ಕ್ಲಚ್ ಬೇರಿಂಗ್ ಕೂಡಿಸಿ ಗಾಡೀನ ಸುತ್ತಲೂ ತಿರುಗೂ ಹಂಗ ಮಾಡಿದ್ದೆ, ನಮ್ಮ ಅಂಗಳ ಸಣ್ಣದ, ತೊಳ್ಯಾಕ ಅನುಕೂಲ ಅಂತ. ತಿರುಗಿತು, ಭಾಳ ಚಂದ ತಿರುಗಿತು, ಆದ್ರ ನಟ್ ಜಗ್ಗಿದ್ರೂ ತಿರುಗತಿತ್ತು. ಪಿನ್ ಹಾಕಿ ಲಾಕ್ ಮಾಡೂ ವಿಚಾರ ಐತಿ, ದೀಪಾವಳಿ ಆದಮ್ಯಾಲ ನೋಡತೇನಿ.

ಖರ್ಚ ನೆನಪಿದ್ದಷ್ಟ: ಗುಜರಿ ಪೈಪು ಪಟ್ಟಿ ಹತ್ತ ಕೆಜಿ ಸಮೀಪ, 600. ಬೋಲ್ಟ್, ಬುಶ್ 200 ಚಿಲ್ಲರ. ಬೆಸುಗಿಗೆ 500. ಬಣ್ಣ ಮನ್ಯಾಗಿತ್ತು. 1300-1400ದಾಗ ಆತು, ಕೆಟ್ಟ ಪ್ರಯೋಗದ್ದ ಸೇರಿಸಿದ್ರ ನಾಕ ಸಾವಿರ ದಾಟತೈತಿ. ಆಗೂದಿಲ್ಲ ಅಂತ ಪಂಥಾ ಕಟ್ಟಿದ್ದ ಗೆಳ್ಯಾ ಅರ್ಧ ಕೆಜಿ ಕುಂದಾ ತಂದ ಕೊಟ್ಟ. ಕಾಕಾ ವಿಡಿಯೋ ನೋಡಿ ಏನೂ ಅನ್ನಲಿಲ್ಲ, ಮರುದಿನ ಫೋನ್ ಮಾಡಿ ಆರ್ಮಿನ ಅಳತಿ ಕೇಳಿದ್ರು. ಆರ ಇಂಚ ಅಂತ ಹೇಳೀನಿ. ಸ್ಟಾಪರಿಂದ ಅವರಿಗೂ ಹೇಳಿಲ್ಲ.