ಬಿಚ್ಚಾಣಿಕೆ ಬಿಟ್ಟು ಚಾಕಿ ಹಿಡಿದೆ

ಶಿಡ್ಲಘಟ್ಟದಲ್ಲಿ ನಮ್ಮದು ಎಂಟು ಬೇಸಿನ್‌ಗಳ ರೇಷ್ಮೆ ನೂಲು ಬಿಚ್ಚಾಣಿಕೆ ಘಟಕ. ಬೇಯಿಸಿದ ಗೂಡುಗಳನ್ನು ಬೇಸಿನ್ ಎಂಬ ಬಿಸಿನೀರಿನ ತೊಟ್ಟಿಯಲ್ಲಿ ಹಾಕಿ ಎಳೆ ತೆಗೆಯುವುದೇ ಬಿಚ್ಚಾಣಿಕೆ. ಅಪ್ಪ ಚರಕದಲ್ಲಿ ಮಾಡುತ್ತಿದ್ದ ಕೆಲಸವನ್ನು ನಾನು ಕಾಟೇಜ್ ಬೇಸಿನ್‌ನಲ್ಲಿ 17 ವರ್ಷ ಮಾಡಿದೆ. 2011ರಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ಶೇ 30ರಿಂದ ಶೇ 5ಕ್ಕೆ ಇಳಿದಾಗ ಮೊದಲ ಪೆಟ್ಟು ಬಿತ್ತು. ಅದನ್ನು ಹೇಗೋ ತಾಳಿಕೊಂಡೆವು. ಆಮೇಲೆ ಸ್ವಯಂಚಾಲಿತ ಬಿಚ್ಚಾಣಿಕೆ ಯಂತ್ರಗಳು ಬಂದವು. ಎಳೆ ತೆಳುವಾದದ್ದನ್ನು ಆ ಯಂತ್ರ ತಾನೇ ಗುರುತಿಸಿ ಹೊಸ ಗೂಡನ್ನು ಸೇರಿಸಿಕೊಳ್ಳುತ್ತದೆ. ನಮ್ಮಲ್ಲಿ ಅದೇ ಕೆಲಸವನ್ನು ಬಿಸಿನೀರಿನಲ್ಲಿ ಬೆರಳು ಅದ್ದಿ ಹೆಂಗಸರು ಮಾಡುತ್ತಿದ್ದರು. ಉದ್ದನೆಯ ಎಳೆ ಕೊಡುವ ಒಳ್ಳೆಯ ದ್ವಿತಳಿ ಗೂಡೆಲ್ಲ ಯಂತ್ರದವರ ಪಾಲಾಗತೊಡಗಿತು. ಯಂತ್ರ ಹಾಕುವ ಬಂಡವಾಳ ನನ್ನಲ್ಲಿರಲಿಲ್ಲ.

ದೇವನಹಳ್ಳಿ ಕಡೆ ಹೋಗಿ ಕಾರು ಓಡಿಸು ಎಂದವರಿದ್ದರು. ನಾನು ಹೋಗಲಿಲ್ಲ. ಗೂಡು ಬಿಟ್ಟರೆ ನನಗೆ ಬೇರೇನೂ ತಿಳಿಯದು, ಆದರೆ ಗೂಡು ಚೆನ್ನಾಗಿ ತಿಳಿದಿತ್ತು. ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗಿನ ಹುಳು ಕೋಶವಾಗಿ ಗಟ್ಟಿಯಾಗಿದೆಯೋ ಇಲ್ಲವೋ ಹೇಳಬಲ್ಲೆ. ಒಂದೇ ರೈತನ ಗೂಡಿನಲ್ಲಿ ದಪ್ಪ, ಸಣ್ಣ, ತೆಳು ಎಲ್ಲವೂ ಬೆರೆತಿದ್ದರೆ ಎಳೆ ಪದೇ ಪದೇ ಕಡಿಯುತ್ತದೆ, ಆ ದಿನದ ಕೂಲಿಯೂ ಹುಟ್ಟುವುದಿಲ್ಲ. ಒಮ್ಮೆ ಮಾರುಕಟ್ಟೆಯಲ್ಲಿ ಅಂಥ ಗೂಡು ತಂದ ರೈತನನ್ನು ಯಾಕೆ ಹೀಗೆ ಎಂದು ಕೇಳಿದೆ. "ಚಾಕಿಯಲ್ಲೇ ಕೆಟ್ಟಿತ್ತು ಅಣ್ಣ, ನಾನೇನು ಮಾಡಲಿ" ಎಂದ. ಆ ಮಾತು ತಲೆಯಲ್ಲಿ ಉಳಿಯಿತು.

ಚಾಕಿ ಎಂದರೆ ಹುಳುವಿನ ಮೊದಲ ಎರಡು ಹಂತ. ಮೊಟ್ಟೆ ಒಡೆದ ದಿನದಿಂದ ಎರಡನೇ ಜ್ವರ, ಅಂದರೆ ಹುಳು ಮೇವು ಬಿಟ್ಟು ಪೊರೆ ಕಳಚುವ ಅವಧಿ, ಮುಗಿದು ಏಳುವವರೆಗೆ ಮರಿಗಳನ್ನು ಸಾಕಿ ರೈತರಿಗೆ ಕೊಡುವುದು ಚಾಕಿ ಕೇಂದ್ರದ ಕೆಲಸ.

ಘಟಕವನ್ನು ಒಮ್ಮೆಗೇ ಮುಚ್ಚಲಿಲ್ಲ. "ನಾಲ್ಕು ಬೇಸಿನ್ ನಾನು ನಡೆಸುತ್ತೇನೆ, ನೀವು ಹೋಗಿ ಕಲಿತುಕೊಂಡು ಬನ್ನಿ" ಎಂದಳು ಹೆಂಡತಿ. ಹತ್ತಿರದ ಹಳ್ಳಿಯ ಚಾಕಿ ಕೇಂದ್ರವೊಂದರಲ್ಲಿ ಮೂರು ತಿಂಗಳು ಕೂಲಿಗೆ ಇದ್ದೆ. ನಿನ್ನೆಯವರೆಗೆ ಕೂಲಿ ಕೊಡುತ್ತಿದ್ದವನು ಸಂಜೆ ಕೂಲಿಗಾಗಿ ಕೈಚಾಚಿ ನಿಲ್ಲುವುದು ಮೊದಲ ವಾರ ಕಷ್ಟವಾಯಿತು. ಆದರೆ ನನ್ನ ಮಟ್ಟಿಗೆ ಆ ಮೂರು ತಿಂಗಳೇ ನಿಜವಾದ ಶಾಲೆ. ಆಮೇಲೆ ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನೆ ಮತ್ತು ತರಬೇತಿ ಸಂಸ್ಥೆಯಲ್ಲಿ ತರಬೇತಿ ಪಡೆದು, ಕೇಂದ್ರದ ನೋಂದಣಿ ಮಾಡಿಸಿದೆ.

ಕೆಲಸದ ಸೂಕ್ಷ್ಮ ಏನೆಂದರೆ, ಎಲ್ಲ ಹುಳುಗಳೂ ಒಟ್ಟಿಗೆ ಬೆಳೆಯಬೇಕು. ಒಂದು ಚಿಟ್ಟೆ ಇಟ್ಟದ್ದನ್ನೆಲ್ಲ ಸೇರಿಸಿ ಒಂದು ಮೊಟ್ಟೆ ಎಂದು ಎಣಿಸುವುದರಿಂದ, 100 ಮೊಟ್ಟೆ ಎಂದು ನಾವು ಲೆಕ್ಕ ಹಿಡಿಯುವುದರಲ್ಲಿ 40 ಸಾವಿರಕ್ಕೂ ಹೆಚ್ಚು ಮರಿಗಳಿರುತ್ತವೆ. ಮೊಟ್ಟೆಯಲ್ಲಿ ಕಪ್ಪು ಚುಕ್ಕೆ ಕಾಣಿಸಿಕೊಂಡಾಗ ಕಪ್ಪು ಬಟ್ಟೆ ಮುಚ್ಚಿ ಕತ್ತಲೆಯಲ್ಲಿಟ್ಟು, ಒಡೆಯುವ ದಿನ ಬೆಳಿಗ್ಗೆ ಬೆಳಕಿಗೆ ತೆರೆಯುತ್ತೇವೆ. ಮುಂದಿದ್ದವು ಕತ್ತಲೆಯಲ್ಲಿ ಕಾಯುತ್ತವೆ, ಹಿಂದಿದ್ದವು ಅಷ್ಟರಲ್ಲಿ ಬಂದು ಸೇರುತ್ತವೆ. ನಂತರ ಹಿಪ್ಪುನೇರಳೆ ಕುಡಿಯ ಎಳೆಯ ಸೊಪ್ಪನ್ನು ಸಣ್ಣಗೆ ಹೆಚ್ಚಿ ಕೊಡಬೇಕು. 27-28 ಡಿಗ್ರಿ ಶಾಖ, ಶೇ 85-90 ತೇವ ಇರಬೇಕು. ನಮ್ಮ ಬಯಲುಸೀಮೆಯ ಮಾರ್ಚ್, ಏಪ್ರಿಲ್‌ನಲ್ಲಿ ಆ ತೇವ ನಿಲ್ಲಿಸುವುದಕ್ಕೆ ರಾತ್ರಿಯೆಲ್ಲ ಎದ್ದು ನೋಡಬೇಕಾಗುತ್ತದೆ. ಸೊಪ್ಪಿನ ತೋಟದ ಮಗ್ಗುಲಲ್ಲಿ ದ್ರಾಕ್ಷಿ ಅಥವಾ ಟೊಮೆಟೊ ಇದ್ದರೆ ಅಲ್ಲಿನ ಔಷಧಿ ಗಾಳಿಯಲ್ಲಿ ತೇಲಿ ಬರುತ್ತದೆ. ತೋಟ ಗುತ್ತಿಗೆ ಹಿಡಿಯುವಾಗ ಮೊದಲು ಅಕ್ಕಪಕ್ಕದ ಹೊಲ ನೋಡಿ.

ಜ್ವರಕ್ಕೆ ಕುಳಿತಾಗ ಮಾತ್ರ ಎಲ್ಲವೂ ತಿರುಗುಮುರುಗು. ಹೊದಿಕೆ ತೆಗೆದು, ಸುಣ್ಣ ಉದುರಿಸಿ, ಹಾಸನ್ನು ಒಣಗಲು ಬಿಡಬೇಕು. ನೂರರಲ್ಲಿ 95 ಹುಳುಗಳಾದರೂ ಎದ್ದ ಮೇಲೆಯೇ ಸೊಪ್ಪು ಕೊಡಬೇಕು. ನಾನು ಎಡವಿದ್ದು ಇಲ್ಲಿಯೇ. ಎರಡನೇ ತಂಡದ ಮರಿಗಳು ಮೊದಲ ಜ್ವರದಿಂದ ಮುಕ್ಕಾಲು ಪಾಲು ಎದ್ದಿದ್ದವು. ರೈತರಿಗೆ ಹೇಳಿದ ದಿನ ತಪ್ಪುತ್ತದೆಂದು ಸೊಪ್ಪು ಹಾಕಿಬಿಟ್ಟೆ. ಬಿಚ್ಚಾಣಿಕೆಯಲ್ಲಿ ಬೇಯಿಸಿದ ಗೂಡು ಕಾಯುವುದಿಲ್ಲ, ಸರಸರನೆ ಎಳೆಯಬೇಕು. ಆ ಅವಸರ ನನ್ನ ಕೈಯಲ್ಲಿ ಉಳಿದಿತ್ತು. ಎದ್ದವು ತಿಂದು ಮುಂದೆ ಹೋದವು, ಮಲಗಿದ್ದವು ಹಿಂದೆ ಬಿದ್ದವು. ಮೂರು ಮನೆಗಳಲ್ಲಿ ಹುಳು ಒಂದೇ ದಿನ ಹಣ್ಣಾಗದೆ (ಗೂಡು ಕಟ್ಟಲು ಸಿದ್ಧವಾಗದೆ) ನಾಲ್ಕು ದಿನ ಎಳೆದವು. ಗೂಡು ನೋಡಲು ಹೋದೆ. ಮಾರುಕಟ್ಟೆಯಲ್ಲಿ ನಾನು ಬೇಡವೆಂದು ಬಿಟ್ಟು ಬರುತ್ತಿದ್ದಂಥದೇ ಗೂಡು, ಹುಳುಗಳನ್ನು ಗೂಡು ಕಟ್ಟಲು ಬಿಡುವ ಚಂದ್ರಿಕೆಯಲ್ಲಿತ್ತು. ಮೂವರಿಗೂ ಹಣ ಹಿಂತಿರುಗಿಸಿ, ಮುಂದಿನ ಬೆಳೆಗೆ ಚಾಕಿಯನ್ನು ಹಣ ತೆಗೆದುಕೊಳ್ಳದೆ ಕೊಟ್ಟೆ. ಇಬ್ಬರು ಇಂದಿಗೂ ನಮ್ಮಲ್ಲೇ ತೆಗೆದುಕೊಳ್ಳುತ್ತಾರೆ. ಒಬ್ಬರು ಮತ್ತೆ ಬರಲಿಲ್ಲ.

ನಮ್ಮ ಘಟಕದಲ್ಲಿ ಆರು ಮಂದಿ ಹೆಂಗಸರಿದ್ದರು. ಇಬ್ಬರು ನಮ್ಮೊಂದಿಗೆ ಚಾಕಿ ಮನೆಗೆ ಬಂದರು, ಇಬ್ಬರಿಗೆ ಯಂತ್ರದ ಘಟಕದಲ್ಲಿ ಕೆಲಸ ಸಿಕ್ಕಿತು. ಉಳಿದಿಬ್ಬರಿಗೆ ನಾನು ಏನೂ ಮಾಡಲಾಗಲಿಲ್ಲ, ಅದು ಈಗಲೂ ನೋಯುತ್ತದೆ. ಬಂದವರಲ್ಲಿ ಒಬ್ಬರಿಗೆ ಹುಳು ಜ್ವರದಿಂದ ಎದ್ದದ್ದು ನನಗಿಂತ ಮೊದಲು ತಿಳಿಯುತ್ತದೆ. ಕೂದಲೆಳೆಗಿಂತ ತೆಳುವಾದ ಎಳೆಯ ತುದಿ ಹುಡುಕಿದ ಕಣ್ಣು ಅದು. ಈಗ ಅವರು ಹೇಳಿದ ಮೇಲೆಯೇ ನಾವು ಸೊಪ್ಪು ಹಾಕುವುದು.

ಬೇಸಿನ್‌ಗಳಲ್ಲಿ ಏಳನ್ನು ಮಾರಿದೆ, ಒಂದನ್ನು ಉಳಿಸಿಕೊಂಡಿದ್ದೇನೆ. ನಮ್ಮಿಂದ ಚಾಕಿ ಕೊಂಡ ರೈತರು ಗೂಡಾದ ಮೇಲೆ ಎರಡು ಹಿಡಿ ತಂದುಕೊಡುತ್ತಾರೆ. ನಾನೇ ಬೇಯಿಸಿ ಬಿಚ್ಚುತ್ತೇನೆ. ಎಳೆ ಎಷ್ಟು ಸಲ ಕಡಿಯಿತು ಎಂಬುದನ್ನು ಆ ತಂಡದ ಮೊಟ್ಟೆ ಒಡೆದ ತಾರೀಕಿನ ಪಕ್ಕದಲ್ಲಿ ಬರೆದಿಡುತ್ತೇನೆ.